ಗ್ರಹಣಕ್ಕೆ ಕತ್ತರಿಸಿದ ಅವ್ವನ ಎಕ್ಸ್‌ರೇ

ಎಕ್ಸ್‌ರೇ ಹಾಳೆ ಅಡ್ಡ ಹಿಡಿದರೆ ಗ್ರಹಣ ನೋಡಬಹುದು ಎಂಬ ಮಾತನ್ನು ಯಲಬುರ್ಗಾದ ನಮ್ಮ ಕಚೇರಿಗೆ ಯಾರು ತಂದರೋ ನೆನಪಿಲ್ಲ. ಎಂಬತ್ತನೆಯ ಇಸವಿ. ಹಾಡಹಗಲೇ ಸೂರ್ಯ ಪೂರಾ ಮುಳುಗುತ್ತಾನೆಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂರಲು ತಯಾರಾಗಿತ್ತು. ಗುಮಾಸ್ತನಾಗಿದ್ದ ನನಗೂ ಪಕ್ಕದ ಮೇಜಿನ ಗೆಳೆಯನಿಗೂ ಮಾತ್ರ ನೋಡಲೇಬೇಕೆಂಬ ಹಟ. ಹಾಳೆಯೇನೋ ನಮ್ಮ ಮನೆಯಲ್ಲೇ ಇತ್ತು. ಅವ್ವನ ಸೊಂಟದ್ದು.

ಅವ್ವನ ಎದೆಯ ಗಂಟನ್ನು ಹುಬ್ಬಳ್ಳಿಯಲ್ಲಿ ಎರಡು ವರ್ಷ ಮೊದಲೇ ತೆಗೆದಿದ್ದರು. ಆಮೇಲೆ ಕ್ಯಾನ್ಸರು ಸೊಂಟದ ಎಲುಬಿಗೆ ಇಳಿಯಿತು. ಡಾಕ್ಟರು ಆ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಎಲುಬು ನುಸಿ ಹಿಡಿದ ಜೋಳದ ಕಾಳಿನಂತೆ ಕಂಡಿತ್ತು. ಅಲ್ಲಲ್ಲಿ ಕಪ್ಪು ತೂತು. ಹದಿನೈದು ದಿನ ಕರೆಂಟು ಕೊಟ್ಟರು. ವಿಕಿರಣ ಬಿಡುವ ಚಿಕಿತ್ಸೆಗೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ನೋವು ಇಳಿದು ಅವ್ವ ಕೋಲಿಲ್ಲದೆ ಹೊಸ್ತಿಲತನಕ ಬಂದಳು. ಹಾಳೆ ಜೋಪಾನ ಎಂದು ಡಾಕ್ಟರು ಹೇಳಿದ್ದರು ನಿಜ. ಆದರೆ ಅವ್ವನದು ದಿನಾ ಒಂದೇ ಹಾಡು:

“ರೋಗದ ಫೋಟೋ ಮನ್ಯಾಗ ಯಾಕ ಇಟ್ಟೀಯಪಾ? ಒಗದ್ ಬಿಡು.”

ನನಗೂ ಅದರ ಕೆಲಸ ಮುಗಿಯಿತು ಅನ್ನಿಸಿತ್ತು. ಓಣಿಯ ದರ್ಜಿ ಚಾಚಾ ದೊಡ್ಡ ಕತ್ತರಿಯಿಂದ ಅದನ್ನು ಉದ್ದಕ್ಕೆ ಮೂರು ತುಂಡು ಮಾಡಿದ. ನನಗೊಂದು, ಗೆಳೆಯನಿಗೊಂದು, ತನಗೊಂದು.

ಗ್ರಹಣ ಮುಗಿದು ಮೂರು ತಿಂಗಳಿಗೆ, ಮೇ ತಿಂಗಳಲ್ಲಿ, ಹುಬ್ಬಳ್ಳಿಯಲ್ಲಿ ಹೊಸ ಹಾಳೆ ತೆಗೆಸಿದೆವು. ಅವ್ವ ಹೊರಗೆ ಬೆಂಚಿನ ಮೇಲಿದ್ದಳು. ಡಾಕ್ಟರು ನೋಡಿದರು, ನೋಡುತ್ತಲೇ ಇದ್ದರು.

“ಬಿಳಿ ಬಿಳಿ ಬಂದೈತಿ. ಹಳೇ ತೂತು ತುಂಬಿಕೊಂಡ್ರ ಬಿಳಿ ಆಗತೈತಿ, ಹೊಸ ಜಾಗಾಕ್ಕ ರೋಗ ಹತ್ತಿದ್ರೂ ಒಮ್ಮೊಮ್ಮೆ ಬಿಳಿನ ಆಗತೈತಿ. ಹಳೇದರ ಮಗ್ಗಲಕ ಇಟ್ಟ ನೋಡಬೇಕು. ಎಲ್ಲೈತಿ?”

“ಮನ್ಯಾಗ ಐತ್ರಿ,” ಅಂದೆ.

“ಎಂಟ್ ದಿನದಾಗ ತರ್ರಿ. ಹೊಸಾದಿದ್ರ ಔಷಧ ಬದಲಿ ಮಾಡಬೇಕು. ತಡಾ ಮಾಡಬ್ಯಾಡ್ರಿ.”

ಬಸ್ಸಿನಲ್ಲಿ ಅವ್ವ ಕೇಳಿದಳು: “ಏನಂದ್ರು?”

“ಹಳೇ ಹಾಳಿ ಬೇಕಂತವ್ವಾ.”

“ಒಗದಿಲ್ಲಲ್ಲ?”

“ಇಲ್ಲ ಬಿಡು.”

ಗದಗ ದಾಟುವವರೆಗೂ ಅವಳ ಮುಖ ನೋಡಲಿಲ್ಲ.

ನನ್ನ ತುಂಡು ಮೇಜಿನ ಖಾನೆಯಲ್ಲಿತ್ತು. ಚಾಚಾ ತನ್ನದನ್ನು ಅಂಗಿಯ ಕಾಲರಿನ ಅಳತೆಗೆಂದು ಎತ್ತಿಟ್ಟಿದ್ದ. ಪುಣ್ಯಕ್ಕೆ ಇನ್ನೂ ಕತ್ತರಿಸಿರಲಿಲ್ಲ. ಗೆಳೆಯ ರಜೆಯ ಮೇಲೆ ತನ್ನೂರು ಹನುಮಸಾಗರಕ್ಕೆ ಹೋಗಿದ್ದ. ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಅವನ ಮನೆ ಮುಟ್ಟಿದೆ. ಅವನು ನಗುತ್ತ ಡೈರಿಯೊಳಗಿಂದ ತುಂಡು ತೆಗೆದ.

“ಕಿಸೆದಾಗ ಕೂಡವಲ್ದಾಗಿತ್ತೋ. ಅಂಚು ಒಂದ್ ಎರಡ್ ಬೆರಳು ಕತ್ತರಿಸಿ ಒಗದೆ. ಯಾಕ, ಮತ್ತ ಗ್ರಹಣ ಐತೇನು?”

ವಿಷಯ ಹೇಳಿದೆ. ಅವನ ನಗು ಅಲ್ಲೇ ನಿಂತಿತು. ಹಿತ್ತಲಿನ ತಿಪ್ಪೆಯನ್ನು ಇಬ್ಬರೂ ಕೆದರಿದೆವು. ಸಿಗಲಿಲ್ಲ.

ಚಾಚಾ ಮೂರನ್ನೂ ಕೈಹೊಲಿಗೆಯಲ್ಲಿ ಜೋಡಿಸಿದ. ಇಲ್ಲದ ಎರಡು ಬೆರಳಿನ ಜಾಗಕ್ಕೆ ತೆಳ್ಳನೆಯ ಬಿಳಿ ಮಲ್ ಬಟ್ಟೆಯ ಪಟ್ಟಿ ಹಚ್ಚಿದ, ಉಳಿದ ಎಲುಬು ಇದ್ದಲ್ಲೇ ಇರಲಿ ಅಂತ. ಬಾಯಿ ಸುಮ್ಮನಿರದ ಮನುಷ್ಯ ಅಂದು ಒಂದೇ ಮಾತಾಡಿದ: “ಕತ್ತರಿ ನಂದು ಬೇಟಾ. ನೀ ಒಬ್ಬನ ಅಂಜಬ್ಯಾಡ.”

ಡಾಕ್ಟರಿಗೆ ಅದನ್ನು ಕೊಟ್ಟೆ. ಅವ್ವನೂ ಒಳಗಿದ್ದಳು. ಬೆಳಕಿನಲ್ಲಿ ಸೂಜಿ ಚುಚ್ಚಿದ ಜಾಗಗಳೆಲ್ಲ ಚುಕ್ಕೆ ಚುಕ್ಕೆಯಾಗಿ ಹೊಳೆದವು.

“ಏನ್ರೀ ಇದು, ಕೌದಿ?”

ಗ್ರಹಣದ ಕತೆ ಹೇಳಲೇಬೇಕಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಪೆನ್ನಿನ ತುದಿಯನ್ನು ಹಳೆಯದರಿಂದ ಹೊಸದಕ್ಕೆ, ಹೊಸದರಿಂದ ಹಳೆಯದಕ್ಕೆ ಸರಿಸಿದರು.

“ಇಲ್ಲಿ ತೂತಿತ್ತು, ತುಂಬೇತಿ. ಇದೂ ತುಂಬೇತಿ. ಇದೂ.” ನಾನು ಉಸಿರು ಬಿಟ್ಟೆ. ಪೆನ್ನು ಮಲ್ ಬಟ್ಟೆಯ ಮೇಲೆ ಬಂದು ನಿಂತಿತು. “ಹೊಸಾದ್ರಾಗ ಇಲ್ಲೊಂದು ಬಿಳಿ ಐತಿ. ಮೊದ್ಲ ಇಲ್ಲೇನಿತ್ತು? ಅರಿವಿ ಏನ್ ಹೇಳತೈತಿ? ಈಗಿನ ಗುಳಗಿ ಮುಂದುವರಸ್ರಿ. ಮೂರು ತಿಂಗಳಿಗೆ ಮತ್ತ ತೆಗಸೋಣು. ಈ ಎರಡೂ ತರ್ರಿ. ಇದ್ದಂಗ ತರ್ರಿ, ಹಿಂದಿನಂಗ ಕತ್ತರಿಸಿ ಅಲ್ಲ.”

ಹೊರಗೆ ಬಂದ ಮೇಲೆ ಅವ್ವ ನನ್ನ ಹೆಗಲು ಹಿಡಿದು ನಿಂತಳು.

“ನನ್ನ ಸೊಂಟದಾಗಿಂದ ಸೂರ್ಯಾನ್ನ ನೋಡಿದೇನು?”

“ಹೂಂ,” ಅಂದೆ.

“ಏನ್ ಕಾಣ್ತು ಹೇಳು ಮತ್ತ. ನಾ ಅಂತೂ ಒಳಗ ಕುಂತಿದ್ದೆ.”

“ಕರ್ರಗಾದ್ನವ್ವಾ. ಆಮ್ಯಾಲೆ ಅಂಚಿಗೆ ಬೆಳಕ ಬಂತು.”

“ಬಂತಲ್ಲ,” ಅಂದು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಎರಡೂ ಹಾಳೆಗಳನ್ನು ತೊಡೆಯ ಮೇಲೆ ಮಡಿಕೆ ಬೀಳದಂತೆ ಇಟ್ಟುಕೊಂಡು ಕೂತೆ. ಬಸ್ಸು ಕುಲುಕಿದಾಗೊಮ್ಮೆ ಅವಳ ಕೈ ಎಡಸೊಂಟಕ್ಕೆ ಹೋಗುತ್ತಿತ್ತು. ಮಲ್ ಪಟ್ಟಿ ಇದ್ದದ್ದೂ ಎಡಕ್ಕೇ. ನೋವೇನವ್ವಾ ಎಂದು ಊರು ಮುಟ್ಟುವವರೆಗೂ ಕೇಳಲಿಲ್ಲ. ಹೌದು ಅಂದುಬಿಟ್ಟಾಳೆಂಬ ಅಂಜಿಕೆ.