ದುಬೈ ಡಬ್ಬಿಯ ಬಿಸ್ಕತ್ತು

ಪಾಣೆಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಹಳೆಯ ಕುಕ್ಕರಿಗೆ ಮರಳು ಹಾಕಿ, ಅದರ ಬಿಸಿಯಲ್ಲೇ ಬೆಣ್ಣೆ ಬಿಸ್ಕತ್ತು ಮಾಡುತ್ತಿದ್ದರು. ಕೊಡುವಾಗ ಸೆರಗಿನಿಂದ ತಟ್ಟೆಯ ಅಂಚು ಒರೆಸಿ, "ಅಡಿ ಸ್ವಲ್ಪ ಕರಟಿದೆ, ಬೇಜಾರು ಮಾಡ್ಬೇಡಿ" ಎನ್ನುವರು. ಕರಟಿದ್ದನ್ನು ನಾನು ಕಂಡೇ ಇಲ್ಲ.

ಒಮ್ಮೆ ದುಬೈಯಿಂದ ಅವರ ನಾದಿನಿ ಬಂದರು. ಮನೆಯ ಬಿಸ್ಕತ್ತು ಕೊಡಲು ಅಕ್ಕನಿಗೆ ನಾಚಿಕೆ. ಹಿಂದಿನ ವರ್ಷ ನಾದಿನಿಯೇ ತಂದಿದ್ದ ಬಿಸ್ಕತ್ತಿನ ಖಾಲಿ ಡಬ್ಬಿಯಲ್ಲಿ ತಮ್ಮದನ್ನು ತುಂಬಿಸಿ ನಮ್ಮಿಬ್ಬರ ಮುಂದಿಟ್ಟರು.

ನಾದಿನಿ ಒಂದನ್ನು ಕಚ್ಚಿ ನನ್ನತ್ತ ತಿರುಗಿದರು. "ನೋಡಿ, ನಾನು ಕೊಟ್ಟದ್ದನ್ನು ಅತ್ತಿಗೆ ಇನ್ನೂ ಇಟ್ಟಿದ್ದಾರೆ! ವರ್ಷ ಆದ್ರೂ ಎಷ್ಟು ಗರಿಗರಿ ಉಂಟು! ಮನೆಯಲ್ಲಿ ಮಾಡಿದ್ದು ಹೀಗೆ ಇರ್ತದಾ?"

ಅಕ್ಕನ ಕಿವಿ ಕೆಂಪಾಯಿತು. ಸೆರಗಿನಿಂದ ಡಬ್ಬಿಯ ಅಂಚು ಒರೆಸುತ್ತಾ, "ಅಡಿ ಸ್ವಲ್ಪ ಕರಟಿದೆ" ಎಂದುಬಿಟ್ಟರು.

ನಾದಿನಿ ಬಿಸ್ಕತ್ತನ್ನು ಮಗುಚಿ ನೋಡಿದರು. ಅಕ್ಕ ಮತ್ತೆ ತಲೆ ಎತ್ತಲಿಲ್ಲ.