ಮೊಮ್ಮಗಳ ಕರಾರು, ಮೊದಲೇ ಹಂಚಿದ ಪೇಢಾ

ಜೂನ್ ತಿಂಗಳ ಎರಡನೆಯ ಭಾನುವಾರ, ಬೆಳಗಿನ ಹತ್ತು ಗಂಟೆ, ಆಳಂದದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ಮತ್ತು ಎದುರುಮನೆಯ ಬಟ್ಟೆ ಅಂಗಡಿಯ ಚಾಚಾ. ಹಾಜರಿರಬೇಕಾದವರು ಇನ್ನೊಬ್ಬರಿದ್ದರು, ಬೆಂಗಳೂರಿನ ಏಜೆಂಟರು. ಹತ್ತಕ್ಕೆ ಬರುತ್ತೇನೆಂದವರು ಹನ್ನೊಂದೂಕಾಲಿಗೆ ಬಂದರು. ಗೊಬ್ಬೂರಿನಲ್ಲೂ ಆಮೇಲೆ ಮಟಕಿಯಲ್ಲೂ ಸೇರಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಿಕ್ಷಕಿಯಾಗಿ ಶಾಲೆಯ ಗಂಟೆ ಹೊಡೆಸಿದ ನನಗೆ, ಅವರ ಮುಖ ನೋಡುವ ಮೊದಲೇ ಅರ್ಧ ಪರಿಚಯವಾಗಿಹೋಗಿತ್ತು.

ಅವರು ಬಂದ ಕಾರಣ ಇದು. ಜನವರಿಯಲ್ಲಿ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಮೊಮ್ಮಗಳು ಒಬ್ಬಳೇ ನಿಂತು ಇಡೀ ಅಫಜಲಪುರ ಬಸ್ಸನ್ನು ಆಡಿ ತೋರಿಸಿದಳು. ಚಿಲ್ಲರೆಗೆ ಜಗಳ ತೆಗೆಯುವ ಕಂಡಕ್ಟರ್, ಕೋಳಿಗೆ ಟಿಕೆಟ್ ಯಾಕೆಂದು ಕೇಳುವ ಮುದುಕಿ, ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದು ನಿಶ್ಚಿಂತೆಯಿಂದ ಚಹಾ ಕುಡಿಯಲು ಹೋಗುವ ಮನುಷ್ಯ. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ಹಂಚುತ್ತ ಹಂಚುತ್ತ ಅದು ಈ ಏಜೆಂಟರಿಗೂ ಮುಟ್ಟಿತು. ಧಾರಾವಾಹಿ, ಜಾಹೀರಾತು, ಟಿವಿ ಸ್ಪರ್ಧೆಗಳಿಗೆ ಮಕ್ಕಳನ್ನು ಒದಗಿಸುವುದು ಅವರ ಕಸುಬು. ನನ್ನ ಮಗ ಭೂಸನೂರಿನ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿಸುವ ಗುಮಾಸ್ತ. ಕಬ್ಬಿನ ಹಂಗಾಮು ಮುಗಿದಿತ್ತು, ಕೈಯಲ್ಲಿ ಹೊತ್ತು ಇತ್ತು, ಹೊತ್ತಿನ ಜೊತೆಗೆ ಫೋನೂ ಇತ್ತು. ಎರಡು ವಾರ ಮಾತಾಡಿ, ಮಗಳ ಹೆಸರಿನಲ್ಲಿ ಕರಾರು ಮಾಡಿಕೊಡಲು ಒಪ್ಪಿಬಿಟ್ಟ.

ಒಪ್ಪಿದ್ದಷ್ಟೇ ಆಗಿದ್ದರೆ ಮಾತಿನಲ್ಲೇ ಹಿಂತೆಗೆದುಕೊಳ್ಳಬಹುದಿತ್ತು. ಈ ಮಹಾಶಯ ಶನಿವಾರ ಸಂಜೆಯೇ ಓಣಿಗೆಲ್ಲ ಪೇಢಾ ಹಂಚಿ ಬಂದ. ನಮ್ಮ ಓಣಿಯಲ್ಲಿ ಪೇಢಾ ಬಂತೆಂದರೆ ಯಾವುದೋ ಒಂದು ಗಟ್ಟಿಯಾಯಿತು ಎಂದೇ ಅರ್ಥ: ಹೆಣ್ಣು ಗೊತ್ತಾಯಿತು, ನೌಕರಿಯ ಆರ್ಡರ್ ಬಂತು, ಪ್ಲಾಟು ರಿಜಿಸ್ಟರ್ ಆಯಿತು. ತಿಂದವರು ಹೆಚ್ಚಿನ ವಿಚಾರಣೆ ಮಾಡುವುದಿಲ್ಲ, ಹಂಚಿದವರು ಹಿಂದೆ ಸರಿಯುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ಮೊಮ್ಮಗಳು ಓಣಿಯ ಬಾಯಲ್ಲಿ ಟಿವಿ ನಟಿಯಾಗಿದ್ದಳು. ಕರಾರಿನ ಒಂದು ಸಾಲನ್ನೂ ಮನೆಯಲ್ಲಿ ಯಾರೂ ಓದಿರಲಿಲ್ಲ.

ಓದುವುದಾದರೂ ಹೇಗೆ? ಹನ್ನೊಂದು ಪುಟ, ಪೂರ್ತಿ ಇಂಗ್ಲಿಷ್. ಮಗ ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದಿದ್ದ. ಸೊಸೆ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದಳು. ಲಗ್ನಪತ್ರಿಕೆಗೆ ಹಚ್ಚುತ್ತೇವೆ, ಹೊಸ ಮೋಟರ್ ಸೈಕಲ್ಲಿಗೆ ಹಚ್ಚುತ್ತೇವೆ, ಇದಕ್ಕೂ ಹಚ್ಚಿದರಾಯಿತು. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು, ಡಿಕ್ಷನರಿ ತೆಗೆದುಕೊಂಡು, ಕುಂಕುಮ ಉದುರದ ಹಾಗೆ ಪುಟ ಮಗುಚುತ್ತ ನಾನು ಓದಿದೆ. ಎಂಟೂವರೆಗೆ ಮುಗಿಯಿತು. ಸಹಿ ಮಾಡಿದ ದಿನದಿಂದ ಐದು ವರ್ಷದವರೆಗೆ ಹುಡುಗಿ ಅವರಿಗೆ ಸೇರಿದವಳು. ಅವರ ಅಪ್ಪಣೆಯಿಲ್ಲದೆ ಎಲ್ಲಿಯೂ ಆಡುವಂತಿಲ್ಲ, ತನ್ನ ಶಾಲೆಯ ಗ್ಯಾದರಿಂಗಿನಲ್ಲೂ ಆಡುವಂತಿಲ್ಲ. ಅವರು ಅವಳಿಗೆ ಯಾವ ಕೆಲಸ ಕೊಡಿಸುತ್ತಾರೆ, ಯಾವಾಗ ಕೊಡಿಸುತ್ತಾರೆ? ಹನ್ನೊಂದು ಪುಟದಲ್ಲಿ ಆ ಬಗ್ಗೆ ಒಂದು ಶಬ್ದವೂ ಇರಲಿಲ್ಲ.

ಏಜೆಂಟರು ಬಿಳಿ ಬೂಟು ಹಾಕಿಕೊಂಡು ಬಂದರು. ತಡವಾದದ್ದಕ್ಕೆ ರಸ್ತೆಯನ್ನು ಬೈದರು. ಸೊಸೆ ಚುರುಮುರಿ ಒಗ್ಗರಣೆಯ ಸುಸಲಾ ಕೊಟ್ಟಳು. ಅವರು ಅದರೊಳಗಿನ ಹಸಿಮೆಣಸಿನಕಾಯಿಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. ಮಾತು ಮಾತ್ರ ಆರಿಸದೆ ಬಂತು. ಟ್ಯಾಲೆಂಟು, ಬ್ರ್ಯಾಂಡು, ಎಕ್ಸ್‌ಪೋಷರು. ಮಗ ಪ್ರತಿ ಶಬ್ದಕ್ಕೂ ಗೋಣು ಹಾಕಿದ. ಚಾಚಾ ಸಾಕ್ಷಿ ಸಹಿ ಮಾಡಲು ಸ್ವಂತ ಪೆನ್ನು, ಕನ್ನಡಕ ತಂದುಕೊಂಡು ಮದುವೆ ಮಾತುಕತೆಗೆ ಬಂದ ಹಿರಿಯರಂತೆ ಗೋಡೆಗೆ ಒರಗಿದ್ದರು.

ಈಗ ಕೈಯಲ್ಲಿ ಯಾವ ಕೆಲಸ ಇದೆ ಎಂದು ನಾನು ಕೇಳಿದೆ. ಮೊದಲು ಮಗು ತಮ್ಮ ಕಡೆ ಬರಬೇಕು, ಆಮೇಲೆ ಅವಕಾಶಗಳು ಬರುತ್ತವೆ ಎಂದರು. ಯಾವ ಧಾರಾವಾಹಿ, ಯಾವ ತಿಂಗಳು ಎಂದೆ. ಅದಕ್ಕೊಂದು ಪ್ರೊಸೆಸ್ ಇರುತ್ತದಂತೆ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಹುಡುಗರು ಪ್ರಶ್ನೆಯನ್ನೇ ಉದ್ದ ಮಾಡಿ ಬರೆಯುವುದನ್ನು ನಾನು ಎಷ್ಟು ಪರೀಕ್ಷೆಗಳಲ್ಲಿ ನೋಡಿಲ್ಲ? ಸೊನ್ನೆ ಹಾಕಿ ಮುಂದಿನ ಪತ್ರಿಕೆ ತೆಗೆದುಕೊಳ್ಳುತ್ತಿದ್ದೆ.

ಆಮೇಲೆ ಮೊಮ್ಮಗಳು ಬಸ್ಸು ಆಡಿದಳು. ಕೋಳಿಯ ಮುದುಕಿ ಬಂದಾಗ ಚಾಚಾ ಕಣ್ಣೊರೆಸಿಕೊಂಡು ನಕ್ಕರು. ಸೊಸೆ ಎಷ್ಟನೆಯ ಸಲವೋ ಮತ್ತೆ ನಕ್ಕಳು. ಏಜೆಂಟರು ನಗಲಿಲ್ಲ, ಫೋನು ನೋಡುತ್ತಿದ್ದರು. ಆಟ ಮುಗಿದು ಹುಡುಗಿ ತನ್ನ ಜಾಗದಲ್ಲಿ ಕೈಕಟ್ಟಿ ಕುಳಿತ ಮೇಲೆ ತಲೆಯೆತ್ತಿದರು.

"ನಾನು ಬಂದು ಒಂದು ಗಂಟೆ ಆಯ್ತು. ಈ ಮಗು ನೀರು ಅಂತಲೂ ಎದ್ದಿಲ್ಲ, ಬಾತ್‌ರೂಮ್ ಅಂತಲೂ ಎದ್ದಿಲ್ಲ. ಸೆಟ್ಟಲ್ಲಿ ನಮಗೆ ಬೇಕಾಗಿರೋದೇ ಇದು ಸಾರ್. ಹನ್ನೆರಡು ಗಂಟೆ ಕೂರಿಸಿದ್ರೂ ಕೂತಿರುತ್ತೆ. ಯಾರು ಟ್ರೈನ್ ಮಾಡಿದ್ದು?"

ಮಗ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದ. ಗೋಡೆಯ ಮೇಲೆ ನಾನೇ ಅಡ್ಡಗೆರೆ ಎಳೆದು ಬರೆದ ವೇಳಾಪಟ್ಟಿ ಇತ್ತು: ಏಳುವ ಹೊತ್ತು, ಓದುವ ಹೊತ್ತು, ಆಡುವ ಹೊತ್ತು, ನೀರಿಗೆ ಏಳುವ ಹೊತ್ತು ಕೂಡ. ಏಜೆಂಟರು ಅದರ ಫೋಟೋ ತೆಗೆದುಕೊಂಡರು. ಬೆಳಗಿನಿಂದ ಅವರ ಮೇಲೆ ನನಗಿದ್ದ ತಾತ್ಸಾರದಲ್ಲಿ ಒಂದು ಪಾಲು ಆಗ ನನ್ನ ಮೇಲೂ ತಿರುಗಿತು. ಹುಡುಗಿಯ ಬಸ್ಸು ಅವರ ಕಣ್ಣಿಗೇ ಬಿದ್ದಿರಲಿಲ್ಲ. ಅವರು ಮೆಚ್ಚಿದ್ದು ನಾನು ಕಟ್ಟಿಹಾಕಿದ ಕೈಗಳನ್ನು.

ಸಹಿ ಆಗುವುದಿಲ್ಲ ಎಂದೆ.

ಮಗನ ಮುಖ ಇಳಿಯಿತು. "ಅವ್ವಾ, ಪೇಢಾ ಹಂಚೀನಿ. ಈಗ ಇಲ್ಲ ಅಂದ್ರ ಓಣ್ಯಾಗ ಮಾರಿ ಹ್ಯಾಂಗ ತೋರಿಸ್ಲಿ?"

ಉತ್ತರ ಕೊಟ್ಟವರು ಚಾಚಾ. ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿ ಕಿಸೆಗೆ ಸೇರಿಸಿದರು. "ನಿನ್ನ ಪೇಢಾ ನಾನೂ ತಿಂದೀನಲೇ. ಚೊಲೋ ಇತ್ತು, ಅರಗಿ ಹೋಯ್ತು. ಅದಕ್ಕಂತ ಕೂಸಿಂದು ಐದು ವರ್ಷ ಬರ್ದು ಕೊಡ್ತಿ ಏನು?" ಅನಂತರ ಏಜೆಂಟರ ಕಡೆ ತಿರುಗಿ, "ಇವರು ಟವೆಲ್ ಒಗ್ಯಾಕ ಬಂದಾರ. ಬಸ್ಸು ಯಾವುದು ಅಂತ ಇವರಿಗೇ ಮಾಲೂಮ್ ಇಲ್ಲ" ಎಂದರು.

ಹುಡುಗಿ ಮುಸಿಮುಸಿ ನಕ್ಕಳು. ಏಜೆಂಟರು ಎದ್ದು ನಿಂತರು. ಬೆಂಗಳೂರಿನ ಮಾತು ಎಲ್ಲೋ ಬಿದ್ದುಹೋಗಿತ್ತು. "ಬಂದ ಚಾನ್ಸ್ ಕಳ್ಕೊಳ್ಳಾಕತ್ತೀರಿ ನೋಡ್ರಿ ನೀವು."

"ಈಗ ಹಾದಿಗೆ ಬಂದ್ರಿ. ಯಾವೂರ್ರಿ ನಿಮ್ದು?" ಎಂದು ಚಾಚಾ ಕೇಳಿದರು.

"ಜೇವರ್ಗಿ ಕಡೀರಿ" ಎಂದು ಅವರು ಬಿಳಿ ಬೂಟಿನ ಲೇಸು ಕಟ್ಟಿಕೊಳ್ಳುತ್ತ ಹೇಳಿದರು. ಆ ಹಸಿಮೆಣಸಿನಕಾಯಿಗಳ ಮೇಲೆ ನನಗೆ ಕನಿಕರ ಬಂತು. ಜೇವರ್ಗಿಯವರಿಗೆ ಅವು ಯಾವಾಗಿನಿಂದ ಖಾರವಾದವೋ.

ಅವರು ಹೋದ ಮೇಲೆ, ಹಾಗಾದರೆ ಮಗಳು ಟಿವಿಗೆ ಎಂದೂ ಹೋಗುವುದೇ ಬೇಡವೇ ಎಂದು ಮಗ ಮುನಿಸಿನಿಂದ ಕೇಳಿದ. ಕೇಳಿದ್ದು ಸರಿಯಾದ ಪ್ರಶ್ನೆ, ಎರಡು ವಾರ ತಡವಾಗಿ. ಹೇಳಿದೆ: ಅವಳನ್ನು ಕರೆಯುವವರು ತಾವಾಗಿಯೇ ಬರಲಿ. ಒಂದೇ ದಿನಕ್ಕೆ ಇಬ್ಬರು ಕರೆದು, ಯಾರಿಗೆ ಹೂಂ ಅನ್ನಬೇಕು, ಶಾಲೆಯ ಪರೀಕ್ಷೆ ಹೇಗೆ ಉಳಿಸಬೇಕು ಎಂದು ನಿನಗೆ ತಿಳಿಯದಾದ ದಿನ ಏಜೆಂಟರನ್ನು ಹುಡುಕು. ಕೆಲಸವಿದ್ದಲ್ಲಿ ಅದನ್ನು ನೋಡಿಕೊಳ್ಳುವವರು ಬೇಕು. ಕೆಲಸವೇ ಇಲ್ಲದಾಗ ಅವರು ಕಟ್ಟಿಹಾಕುವುದು ಹುಡುಗಿಯನ್ನೇ. ಇನ್ನೊಂದು ಮಾತು: ಅಂದು ಬರುವ ಕರಾರಿನ ಕಾಗದವನ್ನು ಅವಳೇ ಓದಿ, ಪ್ರತಿ ಸಾಲಿನ ಅರ್ಥವನ್ನು ತನ್ನ ಮಾತಿನಲ್ಲಿ ನನಗೆ ಹೇಳಬೇಕು.

"ಅಷ್ಟೊತ್ತಿಗೆ ಹದಿನೈದು ವರ್ಷ ಆಗ್ತಾವ ಅಕಿಗೆ."

ಆಗಲಿ ಎಂದೆ.

ಮಧ್ಯಾಹ್ನ ಅವನೇ ಮನೆಮನೆಗೆ ಹೋಗಿ ಕರಾರು ಆಗಲಿಲ್ಲವೆಂದು ಹೇಳಿ ಬಂದ. ಮೂರು ಮನೆಯವರು ಚಹಾ ಕುಡಿಸಿ ಕಳಿಸಿದರಂತೆ. ಒಬ್ಬರು ಮಾತ್ರ, ಪೇಢಾ ಎಲ್ಲಿಯದು, ಮುಂದಿನ ತಿಂಗಳು ನಮಗೂ ಬೇಕಿತ್ತು ಎಂದರಂತೆ. ಮಾರಿ ತೋರಿಸುವುದು ಇಷ್ಟು ಮಾತ್ರ ಕಠಿಣವಾಗಿತ್ತು.

ಸಂಜೆ ಆರಕ್ಕೆ ಓದುವ ಹೊತ್ತು. ಇಂಗ್ಲಿಷ್ ಪಾಠಕ್ಕೆ ಆ ಕರಾರನ್ನೇ ತೆಗೆದೆ. ಕಾಗದ ಒಳ್ಳೆಯದಿತ್ತು, ಕುಂಕುಮವೂ ಆಗಿತ್ತು. ಬೇಕಾದಾಗ ಎದ್ದು ನೀರು ಕುಡಿ, ನನ್ನನ್ನು ಕೇಳಬೇಡ ಎಂದು ಮೊದಲೇ ಹೇಳಿದೆ. ಅವಳು ಹೂಂ ಎಂದಳು. ಅರ್ಧ ಪುಟ ಓದಿದಳು, ಎಂಟು ಶಬ್ದಗಳಿಗೆ ಅರ್ಥ ಬರೆದಳು, ಏಳು ಹೊಡೆಯುವವರೆಗೆ ಒಮ್ಮೆಯೂ ಏಳಲಿಲ್ಲ.

ನಾನು ಎದ್ದು ವೇಳಾಪಟ್ಟಿಯಲ್ಲಿ ನೀರಿನ ಸಾಲನ್ನು ಹೊಡೆದು ಹಾಕಿದೆ. ತಂಬಿಗೆ ತುಂಬಿ ತಂದು ಅವಳ ಪುಸ್ತಕದ ಪಕ್ಕದಲ್ಲಿ ಇಟ್ಟೆ. ಅದು ಅಂದಿನ ಕೊನೆಯ ಕೆಲಸ. ಅವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಕುಡಿದಳು.