ಮಗ್ಗದ ಕುಣಿಗಿಳಿದ ಪೀಪಾಯಿ

ಉಮಾ ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ತಳ್ಳುಗಾಡಿ ನಿಲ್ಲಿಸಿದ ದಿನವೇ ಊರಲ್ಲಿ ಸುದ್ದಿ ಹಬ್ಬಿತು: ಗೋವಾದಿಂದ ಬಂದವಳು ಹಾಡಹಗಲೇ ಬೀರು ಮಾರುತ್ತಿದ್ದಾಳೆ! ಗಾಡಿಯ ಮೇಲೆ ಸ್ಟೀಲಿನ ಪೀಪಾಯಿ, ಅದಕ್ಕೊಂದು ನಳ. ನೋಡಿದವರಿಗೆ ಬೇರೇನು ಹೊಳೆಯಬೇಕು? ಚಿಕ್ಕನರಗುಂದದ ರೈತ ಮಾಳಿಂಗರಾಯನಂತೂ ಬಸ್ಸು ಬಿಟ್ಟು ಬಂದು, ಒಂದು ಗ್ಲಾಸು ಗಟಗಟನೆ ಕುಡಿದು, ಕೊಂಚ ಹೊತ್ತು ಕಾದು ನಿಂತ.

"ಏನೂ ಏರವಲ್ದಲ್ಲಬೇ?"

"ಜೀರಿಗಿ ಸೋಡಾ ಎಲ್ಲಿ ಏರತೈತ್ರಿ? ಹೊಟ್ಟಿ ಹಗರಾದ್ರ ಸಾಕು," ಎಂದಳು ಉಮಾ.

ಎದುರಿನ ಸೀರೆ ಅಂಗಡಿ ನನ್ನದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳ ವ್ಯಾಪಾರ ನೋಡುವುದೇ ನನ್ನ ಕೆಲಸವಾಗಿತ್ತು.

ಉಮಾ ಇಲ್ಲೇ ಹತ್ತಿರದ ಬೆಳವಣಕಿಯ ಹುಡುಗಿ. ಮದುವೆಯಾದ ಮೇಲೆ ಗಂಡ ದುರ್ಗೇಶನ ಜೊತೆ ಗೋವಾಕ್ಕೆ ದುಡಿಯಲು ಹೋಗಿ, ಸಣ್ಣದೊಂದು ಬೀರು ಕಾರ್ಖಾನೆಯಲ್ಲಿ ಪೀಪಾಯಿ ತೊಳೆಯುತ್ತಿದ್ದಳು. ತೊಳೆಯುತ್ತ ತುಂಬುವುದನ್ನೂ ಕಲಿತಳು. ಮೊದಲು ಬೀರು ತಣ್ಣಗಾಗಬೇಕು, ಆಮೇಲೆ ಸಿಲಿಂಡರಿನಿಂದ ಗ್ಯಾಸು ಬಿಟ್ಟು ಅಲುಗಾಡಿಸದೆ ತಂಪಿನಲ್ಲೇ ಇಡಬೇಕು. ಬೆಚ್ಚಗಿದ್ದರೆ ಗ್ಯಾಸು ಅದರಲ್ಲಿ ಕೂಡುವುದಿಲ್ಲ, ನಳ ತಿರುವಿದ ಕೂಡಲೇ ನೊರೆಯಾಗಿ ಹಾರಿಹೋಗುತ್ತದೆ. ಸೋಡಾದ ಗುಣವೂ ಅದೇ. "ಬೀರು ಒಂದ್ ಹನಿ ಬಾಯಾಗ ಹಾಕ್ಕೊಂಡಿಲ್ಲ ನೋಡ್ರಿ, ಆದ್ರ ಅದರ ಹಟ ಎಲ್ಲಾ ಗೊತ್ತು," ಎನ್ನುತ್ತಿದ್ದಳು. ಅಲ್ಲಿ ಸಂಸಾರ ಮಾಡಿದ್ದು ಕಾರ್ಖಾನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಅದು ಸಾಕಾಗಿ, ಗುಜರಿಗೆ ಹಾಕಿದ್ದ ಎರಡು ಪೀಪಾಯಿ ಕೊಂಡು ಈ ಕಡೆ ಬಂದಳು. ದುರ್ಗೇಶ ಬರಲಿಲ್ಲ. ಈ ಬೇಸಿಗೆಯಲ್ಲಿ ವ್ಯಾಪಾರ ಕೈಹತ್ತದಿದ್ದರೆ ಸುಮ್ಮನೆ ತಿರುಗಿ ಬಾ ಎಂದು ಹೇಳಿ ಕಳಿಸಿದ್ದ. ಆ ಶೆಡ್ಡಿಗೆ ಮತ್ತೆ ಹೋಗುವುದು ಉಮಾಳಿಗೆ ಸುತರಾಂ ಬೇಕಿರಲಿಲ್ಲ.

ಬಾಡಿಗೆಗೆ ಖೋಲಿ ಕೇಳಿದಾಗ ನಮ್ಮ ಓಣಿಯ ಮನೆಮನೆಯವರೂ ಮೊದಲು ಕೇಳಿದ್ದು, "ಯಾರ ಪೈಕಿ?" ನೇಕಾರರ ರೇಣುಕವ್ವ ಕೇಳಿದ್ದು ಮಾತ್ರ, "ಗೊರಕಿ ಹೊಡೀತಿ ಏನ?" ಇಲ್ಲ ಎಂದಳು. ಹೊಡೆಯುತ್ತಾಳೆಂದು ರೇಣುಕವ್ವ ಮರುದಿನವೇ ನನ್ನ ಮುಂದೆ ದೂರಿದಳು. ಆದರೂ ಖೋಲಿ ಬಿಡಿಸಲಿಲ್ಲ.

ಏಪ್ರಿಲ್ ಬಿಸಿಲಿಗೆ ಉಮಾಳ ಆಟ ಕೆಟ್ಟಿತು. ಹಂಚಿನ ಖೋಲಿ ಒಲೆಯಾಗಿತ್ತು. ಬೆಳಿಗ್ಗೆ ತಂದ ಐಸು ಮಧ್ಯಾಹ್ನಕ್ಕೆ ನೀರು. ಗ್ಲಾಸಿನ ತುಂಬ ನೊರೆ, ನೊರೆ ಇಳಿದರೆ ತಳದಲ್ಲಿ ಬರೀ ಸಿಹಿನೀರು. ಅವಸರಕ್ಕೆ ಬಿದ್ದು ಗ್ಯಾಸು ಜಾಸ್ತಿ ಬಿಟ್ಟು ಪೀಪಾಯಿಯನ್ನು ಕುಲುಕಿ ನೋಡಿದಳು, ಸೋಡಾ ಗಿರಾಕಿಯ ಅಂಗಿಗೆ ಚಿಮ್ಮಿತು. ಅಂಥ ಹೊತ್ತಿನಲ್ಲೇ ಊರಿನ ದೊಡ್ಡ ಕುಳ ಅರ್ಜುನಪ್ಪನವರು ಮಗಳು ದೇವಿಕಾಳ ಮದುವೆಗೆ ಎರಡು ಪೀಪಾಯಿ ಸೋಡಾ ಹೇಳಿಹೋದರು. ಊರೆಲ್ಲ ಕೂಡುವ ಮದುವೆ. ಅಲ್ಲಿ ಹೆಸರಾದರೆ ಬೇಸಿಗೆ ಗೆದ್ದಂತೆ, ಅಲ್ಲಿ ಕೆಟ್ಟರೆ ಗೋವಾದ ಬಸ್ಸು.

ರೇಣುಕವ್ವನ ಮನೆಯಲ್ಲಿ ತಂಪಾದ ಜಾಗ ಒಂದೇ ಇತ್ತು: ಪಡಸಾಲೆಯ ಮಗ್ಗದ ಕುಣಿ. ನೇಯುವವರು ನೆಲದ ಅಂಚಿಗೆ ಕೂತು, ಕಾಲು ಇಳಿಬಿಟ್ಟು ಹಲಗೆ ತುಳಿಯುವ ತಗ್ಗು ಅದು. ಆದರೆ ಮಗ್ಗದ ಮೇಲೆ ರೇಣುಕವ್ವನ ಸೀರೆಯಿತ್ತು. ಮೊಣಕಾಲು ಹಿಡಿದುಕೊಂಡಿದ್ದರಿಂದ ಅವಳು ದಿನಕ್ಕೊಂದಿಷ್ಟೇ ನೇಯುತ್ತಿದ್ದಳು. ಇದೇ ಕೊನೆಯ ಸೀರೆ ಎಂದು ನನಗೂ ಹೇಳಿದ್ದಳು.

"ಸೀರಿ ಮುಗೀಲಿ, ಕುಣಿ ನಿಂದ," ಎಂದಳು ರೇಣುಕವ್ವ.

"ಹಂಗಾರ ಹಲಗಿ ನಾ ತುಳೀತೀನಿ, ನೀ ಲಾಳಿ ಓಡಸು," ಎಂದು ಉಮಾ ಪಕ್ಕದಲ್ಲೇ ಕೂತಳು. ಇವಳು ತುಳಿದ ರಭಸಕ್ಕೆ ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳು ಪಟಪಟನೆ ಹರಿದವು.

"ಗ್ಯಾಸ್ ತುಂಬಾಕ ಲಗೂ ಮಾಡಬಾರದು ಅಂತಿ, ನೇಯಾಕ ಯಾಕಲೇ ಇಷ್ಟು ಲಗೂ? ಏಳ್ ಮ್ಯಾಲ!"

ಮರುದಿನ ಮತ್ತೆ ಇಬ್ಬರೂ ಕೂತರು. ಬೈಗುಳ ಓಣಿಯಲ್ಲಿ ನಮ್ಮ ಮನೆಯವರೆಗೂ ಕೇಳುತ್ತಿತ್ತು. ಬರಬರುತ್ತ ಬೈಗುಳ ಕಡಿಮೆಯಾಗಿ ಮಗ್ಗದ ಸದ್ದು ಹೆಚ್ಚಿತು. ಆದರೆ ಮದುವೆ ಹತ್ತಿರ ಬಂದರೂ ಸೀರೆ ಮುಗಿಯಲಿಲ್ಲ.

ಒಂದು ಮಧ್ಯಾಹ್ನ ಉಮಾ ಅಂಗಡಿಗೆ ನುಗ್ಗಿ ಬಂದಳು. ಕೈಯಲ್ಲಿ ರೇಣುಕವ್ವನ ಪಟ್ಟೆದಂಚಿನ ಸೀರೆ.

"ನೋಡ್ರಿ ಸಾವ್ಕಾರ್ರ, ನಾ ಗಾಡಿ ಕಡೆ ಹೋದಾಗ ಈ ಮುದಿಕಿ ಏನ್ ಮಾಡ್ಯಾಳ! ಹಾಸು ಕತ್ತರಿಸ್ಯಾಳ. ಹಲಗಿ ಬಿಚ್ಚಿ ಗ್ವಾಡಿಗಿ ಹಚ್ಚ್ಯಾಳ. ಇದನ್ನ ಮತ್ತ ಮಗ್ಗಕ್ಕ ಜೋಡಸಾಕ ಬರ್ತೈತೇನ್ರಿ?"

ನಾನು ಸೀರೆ ಅಳೆದೆ. ಎರಡು ಮೊಳ ಕಡಿಮೆ. ಇಷ್ಟು ವರ್ಷ ರೇಣುಕವ್ವನಿಂದ ಸೀರೆ ತೆಗೆದುಕೊಂಡಿದ್ದೇನೆ, ಒಂದು ಬೆರಳು ಕಡಿಮೆ ಬಂದದ್ದಿಲ್ಲ. ನಾನೇ ಚೌಕಾಸಿ ಮಾಡಿ, ಅದರಲ್ಲಿ ತಪ್ಪು ಹುಡುಕಿ ಹುಡುಕಿ ಸೋತವನು. ಸೀರೆ ಮಡಿಚಿ ಉಮಾಳ ಕೈಗಿಟ್ಟೆ.

"ಬರಂಗಿಲ್ಲವ್ವಾ," ಎಂದೆ.

ಉಮಾ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ರೇಣುಕವ್ವನನ್ನು ಇನ್ನೊಮ್ಮೆ ಬೈದು, ಐಸು ತರಲು ಹೋದಳು.

ಪೀಪಾಯಿಗಳು ಅಂದೇ ಕುಣಿಗೆ ಇಳಿದವು. ಸುತ್ತ ಐಸು, ಅದರ ಮೇಲೆ ಹೊಟ್ಟು, ಒದ್ದೆ ಗೋಣಿಚೀಲ. ತಗ್ಗಿನ ತಂಪಿಗೆ ಐಸು ಬೇಗ ಕರಗಲಿಲ್ಲ. ಒಳಗಿನದು ಚೆನ್ನಾಗಿ ತಣ್ಣಗಾದ ಮೇಲೆ ಉಮಾ ಗ್ಯಾಸು ಬಿಟ್ಟಳು. ಮದುವೆಯ ಬೆಳಗಿನವರೆಗೆ ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ಊಟ ಮುಗಿಸಿದವರು ಸಾಲುಗಟ್ಟಿ ನಿಂತರು. ಸೋಡಾ ಮೂಗಿಗೆ ಚುರುಗುಟ್ಟಿ ನನ್ನ ಕಣ್ಣಲ್ಲಿ ನೀರು ಬಂತು. ಅರ್ಜುನಪ್ಪನವರೇ ಮೂರನೆಯ ಸಲ ಗ್ಲಾಸು ಚಾಚಿದರು.

ಗ್ಲಾಸು ಕೊಡಲು ನಿಂತವಳು ರೇಣುಕವ್ವ. ಉಟ್ಟದ್ದು ಅದೇ ಸೀರೆ. "ನೆರಿಗಿ ಕಡಿಮಿ ಬಿದ್ದಾವಲ್ಲಬೇ?" ಎಂದು ಯಾರೋ ಕೆಣಕಿದರು.

"ನಡ್ಯಾಕ ಹಗರ ಆಗೈತಿ," ಎಂದಳು ರೇಣುಕವ್ವ.

ಅಷ್ಟರಲ್ಲಿ ದುರ್ಗೇಶನ ಫೋನು ಬಂತು. ವ್ಯಾಪಾರ ಹೇಗೆ, ಗಿರಾಕಿ ಎಷ್ಟು ಎಂದು ಕೇಳಿರಬೇಕು. ಉಮಾ ನಳ ಮುಚ್ಚಿ ಎರಡು ಹೆಜ್ಜೆ ಸರಿದು ನಿಂತಳು.

"ಗಿರಾಕಿ ಬರ್ಲಿ, ಬಿಡ್ಲಿ, ಅದು ಬ್ಯಾರೆ ಮಾತ. ಇಲ್ಲಿ ನನ್ನ ಸಲುವಾಗಿ ಮಗ್ಗದ ಹಾಸು ಕತ್ತರಿಸಿದಾಕಿ ಒಬ್ಬಾಕಿ ಅದಾಳ," ಎಂದಳು. "ನಾ ಬರಂಗಿಲ್ಲ. ನೀನ ಬಾ."